ಬೀಗದಯ್ಯನ ನಿವೃತ್ತಿ

ನಡೆಯುವಾಗ ಅವರ ಬಲಭುಜ ಎಡಭುಜಕ್ಕಿಂತ ತುಸು ಕೆಳಗೆ ಇಳಿದಿರುತ್ತಿತ್ತು. ಅರೆ ಆಯುಷ್ಯದಷ್ಟು ಕಾಲ ಸೊಂಟದ ಬಲಗಡೆ ತೂಗಾಡಿದ ಬೀಗದ ಕೈಗಳ ಗೊಂಚಲನ್ನು ಸರ್ಕಾರಕ್ಕೆ ಒಪ್ಪಿಸಿ ಬಂದಿದ್ದರೂ ಅದರ ಭಾರ ಮೂಳೆಯೊಳಗೇ ಉಳಿದುಬಿಟ್ಟಿತ್ತು. ಬೀದಿಯ ನಡುಭಾಗ ಎಷ್ಟೇ ಖಾಲಿಯಿರಲಿ, ಅವರು ಗೋಡೆಯ ಬದಿಯನ್ನೇ ಹಿಡಿದು, ಬೆನ್ನನ್ನು ಯಾರಿಗೂ ಪೂರ್ತಿ ಒಪ್ಪಿಸದೆ, ಓರೆಯಾಗಿ, ಬೂಟಿನ ಹಿಮ್ಮಡಿಯನ್ನು ಮೊದಲು ಊರಿ ಬರುತ್ತಿದ್ದರು. ಆ ಸಪ್ಪಳ ಕೇಳಿದೊಡನೆ ಅಂಗಡಿಯ ಕಟ್ಟೆಯ ಮೇಲೆ ಕುಳಿತವರು ತಿರುಗಿ ನೋಡದೆಯೇ "ಬೀಗದಯ್ಯ ಬಂದ್ರು" ಎನ್ನುತ್ತಿದ್ದರು. ಸೆರೆಮನೆಯ ಹೆಡ್ ವಾರ್ಡರ್ ಆಗಿ ನಿವೃತ್ತರಾದವರಿಗೆ ಬೀದಿ ಇಟ್ಟ ಹೆಸರು ಅದು. ಎದುರಿಗೇ ಕರೆದರೂ ಅವರು ಬೇಸರಿಸುತ್ತಿರಲಿಲ್ಲ.

ಕೆಲಸ ಬಿಟ್ಟ ದಿನ ಮನೆಗೆ ಬಂದವರೇ ಖಾಕಿ ಕೋಟಿನ ಹಿತ್ತಾಳೆ ಗುಂಡಿಗಳನ್ನು ಕಿತ್ತುಹಾಕಿದರು. ಕೋಟು ಇನ್ನೂ ಗಟ್ಟಿಯಾಗಿತ್ತು, ಎಸೆಯಲು ಮನಸ್ಸಾಗಲಿಲ್ಲ. ಹೆಂಡತಿ ಹೊಲಿಗೆಯ ಡಬ್ಬಿ ಕೆದಕಿ, ತನ್ನ ಹಳೆಯ ರವಿಕೆಗಳಿಂದಲೂ ಮಗಳ ಶಾಲೆಯ ಅಂಗಿಯಿಂದಲೂ ಉಳಿದಿದ್ದ, ಒಂದಕ್ಕೊಂದು ಹೊಂದದ ಗುಂಡಿಗಳನ್ನು ಹಚ್ಚಿಕೊಟ್ಟಳು. ಆ ಕೋಟನ್ನು ಅವರು ಚಳಿಗೂ ಸೆಕೆಗೂ ಒಂದೇ ನಿಷ್ಠೆಯಿಂದ ತೊಟ್ಟರು. ಇನ್ನೊಂದು ಹಟ ಬಾಗಿಲಿನದು. ಮನೆಯ ಯಾವ ಬಾಗಿಲನ್ನೂ ಮುಚ್ಚಗೊಡುತ್ತಿರಲಿಲ್ಲ; ಗಾಳಿಗೆ ಬಡಿಯದಂತೆ ಒಂದೊಂದರ ಬುಡಕ್ಕೂ ಇಟ್ಟಿಗೆ ಒತ್ತಿಟ್ಟಿದ್ದರು.

"ಇದೇನ್ರೀ, ಮನೆಯೋ ಸಂತೆಯೋ? ಬೆಕ್ಕು ಬಂದು ಹಾಲಿನ ಪಾತ್ರೆಗೆ ಬಾಯಿ ಹಾಕಿ ಹೋಯ್ತು."

"ಹಾಕ್ಲಿ ಬಿಡು. ಮುಚ್ಚಿದ್ದು ಸಾಕಾಗಿದೆ ನನಗೆ."

ಅವರು ಕ್ರೂರಿಯಾಗಿದ್ದವರಲ್ಲ, ಹಾಗೆಂದು ಕರುಣಾಳು ಎಂದೂ ಯಾವ ಕೈದಿಯೂ ಹೇಳಿರಲಾರ. ಬೆಳಗ್ಗೆ ಮಂಡಿಯೂರಿ ಪ್ರಾರ್ಥಿಸಿ, ಎದ್ದು, ಬೆಲ್ಟು ಬಿಗಿದು, ದಿನವಿಡೀ ನಿಯಮದಂತೆ ಬಾಗಿಲು ತೆರೆದು ಮುಚ್ಚಿ, ಸಂಜೆ ಮತ್ತೆ ಮಂಡಿಯೂರುತ್ತಿದ್ದರು. ಪ್ರಾರ್ಥನೆಗೂ ಬೀಗಕ್ಕೂ ಸಂಬಂಧವಿದ್ದೀತೆಂಬ ಯೋಚನೆ ಆ ವರ್ಷಗಳಲ್ಲಿ ಅವರಿಗೆ ಬಂದಿರಲಿಲ್ಲ. ನಿವೃತ್ತಿಯ ಮೊದಲ ತಿಂಗಳುಗಳು ಅವರನ್ನು ಹಿಂಡಿಹಾಕಿದವು. ದೇವಾಲಯದಲ್ಲಿ ಪಾದ್ರಿಗಳು ಸಭೆಯ ಹಿರಿಯರಾಗಿರೆಂದು ಕೇಳಿದರು, ಒಲ್ಲೆನೆಂದರು. ಓರಗೆಯವರು ಇಸ್ಪೀಟಿಗೆ ಕರೆದರು, ಹೋಗಿ ಕುಳಿತು ಎಲೆ ಹಾಕುವುದನ್ನೇ ಮರೆತು, ಸೆರೆಮನೆಯ ಅಭ್ಯಾಸದಂತೆ ಕುಳಿತಿರುವವರ ತಲೆ ಎಣಿಸತೊಡಗಿದರು. ಮರುದಿನ ಯಾರೂ ಕರೆಯಲಿಲ್ಲ.

ಒಂದು ಬೆಳಗ್ಗೆ ಕಾಲು ಹಳೆಯ ಜಾಡನ್ನೇ ಹಿಡಿದು ಸೆರೆಮನೆಯ ಎದುರಿಗೆ ಬಂತು. ದೊಡ್ಡ ಬಾಗಿಲೊಳಗಿನ ದಿಡ್ಡಿ ಬಾಗಿಲು ಅರೆತೆರೆದು, ಒಬ್ಬ ಮನುಷ್ಯನನ್ನು ಹೊರಗೆ ಬಿಟ್ಟು, ಮುಚ್ಚಿಕೊಂಡಿತು. ಬಗಲಲ್ಲಿ ಒಂದು ಗಂಟು. ಅವನು ಅಲ್ಲೇ ನಿಂತ. ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಹೊರಡು ಎಂದು ಯಾರಾದರೂ ಅಪ್ಪಣೆ ಕೊಡಲಿ ಎಂದು ಕಾಯುತ್ತಿದ್ದ. ಆ ನಿಲುವನ್ನು ಕಲಿಸಿದವರು ಯಾರೆಂದು ಬೀಗದಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಆ ಬಾಗಿಲನ್ನು ಒಳಗಿನಿಂದ ಮುಚ್ಚಿದ್ದ ಅವರು, ಅದು ಮುಚ್ಚಿದ ಮೇಲೆ ಹೊರಗೆ ಏನಾಗುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ರಸ್ತೆ ದಾಟಿ ಹೋಗಿ, ಬೇರೇನೂ ತೋಚದೆ, "ಟೀ ಕುಡೀತೀಯೇನಪ್ಪ?" ಎಂದರು.

ಅಂದಿನಿಂದ ಅದೇ ಅವರ ಉದ್ಯೋಗ. ಕರೆದೊಯ್ಯಲು ಯಾರೂ ಬಾರದವರು ಬಿಡುಗಡೆಯಾಗುವ ಬೆಳಗುಗಳನ್ನು ಹಳೆಯ ಸಹೋದ್ಯೋಗಿಗಳಿಂದ ಕೇಳಿ ತಿಳಿದು, ಕೋಟು ತೊಟ್ಟು, ದಿಡ್ಡಿ ಬಾಗಿಲಿನ ಎದುರು ನಿಲ್ಲುತ್ತಿದ್ದರು. ಟೀ ಕುಡಿಸಿ, ಬಸ್ಸಿಗೆ ಹತ್ತಿಸಿ, ಹೋಗಲು ಊರಿಲ್ಲದವರಿಗೆ ದೇವಾಲಯದ ಆವರಣದಲ್ಲಿ ಮರಗೆಲಸವೋ ಬಣ್ಣದ ಕೆಲಸವೋ ಹುಡುಕಿಕೊಟ್ಟು, "ದೇವರು ನಿನ್ನ ಮರೆತಿಲ್ಲ ಕಣಪ್ಪ" ಎಂದು ತಪ್ಪದೆ ಹೇಳುತ್ತಿದ್ದರು. ಕೆಲವರು ನೆಟ್ಟಗಾದರು, ಹಲವರು ಕಾಣೆಯಾದರು. ಒಬ್ಬ ಮನೆಯಲ್ಲಿ ಎರಡು ದಿನವಿದ್ದು ಗೋಡೆ ಗಡಿಯಾರ ಹೊತ್ತೊಯ್ದ. ಅವರ ಮನೆ ಮಹಡಿಯ ಮೇಲೆ, ಕೆಳಗೆ ಗಡಿಯಾರ ರಿಪೇರಿಯ ಅಂಗಡಿ. "ಹೋಗ್ಲಿ ಬಿಡ್ರೀ," ಎಂದಳು ಹೆಂಡತಿ. "ಕೆಳಗಿನವನು ವರ್ಷಗಟ್ಟಲೆ ಇಟ್ಕೊಂಡು ರಿಪೇರಿ ಮಾಡ್ದೆ ವಾಪಸ್ ಕೊಟ್ಟಿದ್ದನ್ನ ಕಳ್ಳನಾದ್ರೂ ಮಾಡಿಸ್ಲಿ." ಆಕೆಯ ನಗುವಿನ ಆಸರೆಯಲ್ಲಿ ಅವರ ಧರ್ಮಕಾರ್ಯ ಸಾಗುತ್ತಿತ್ತು ಎಂದರೆ ತಪ್ಪಾಗಲಾರದು.

ಹೀಗೆ ಬಂದವರಲ್ಲಿ ಒಬ್ಬ ಬಡಗಿ. ಹೆಂಡತಿಯನ್ನು ಕೊಂದು ಒಳಗೆ ಹೋದವನು. ಕುಡಿದ ಅಮಲಿನಲ್ಲಿ ಜಗಳ ಹತ್ತಿ ಅವಳನ್ನು ತಳ್ಳಿದ್ದ; ಅವಳು ಮೆಟ್ಟಿಲಿನ ತುದಿಯಲ್ಲಿ ನಿಂತಿದ್ದಳು. ಜೈಲಿನೊಳಗೆ ಅವನು ಮಾತಾಡಿದ್ದನ್ನು ಬೀಗದಯ್ಯನೇ ಹೆಚ್ಚು ಕೇಳಿರಲಿಲ್ಲ. ಅವನಿಗೆ ಊರೂ ಇರಲಿಲ್ಲ, ಕಾಯುವವರೂ ಇರಲಿಲ್ಲ. ಮಹಡಿಯ ಹಿಂಬದಿಯ ಸಾಮಾನಿನ ಕೋಣೆ ಖಾಲಿ ಮಾಡಿ ಅವನಿಗೆ ಚಾಪೆ ಹಾಸಿಕೊಟ್ಟರು. ಶಾಲೆಯಲ್ಲಿ ಕಲಿಸುತ್ತಿದ್ದ ಮಗಳು ಓಡಿಬಂದಳು.

"ಅಪ್ಪಾ, ನಿಮ್ಮ ಪುಣ್ಯಕ್ಕೆ ಅಮ್ಮನ ತಲೆ ಕೊಡಬೇಡಿ."

ಉತ್ತರ ಕೊಟ್ಟವಳು ಅಮ್ಮ: "ನನ್ನ ತಲೆ ನನ್ನ ಹತ್ರಾನೇ ಇರತ್ತೆ, ನೀನು ಮಕ್ಕಳನ್ನ ನೋಡ್ಕೋ ಹೋಗು."

ಆ ಚಳಿಗಾಲದಲ್ಲಿ ಆಕೆಗೆ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಸೋತುಹೋದವು. ಮಾತು ಉಳಿಯಿತು, ನಡಿಗೆ ಹೋಯಿತು. ಮನೆಯ ಮೆಟ್ಟಿಲು ಕಡಿದಾದದ್ದು, ನಡುವೆ ತಿರುವು ಬೇರೆ. ಭಾನುವಾರದ ಆರಾಧನೆಗೆ ಇನ್ನು ಹೋಗುವಂತಿಲ್ಲ ಎಂದು ಆಕೆ ಗೋಡೆಗೆ ಮುಖ ಮಾಡಿ ಮಲಗಿದಳು. ಬಡಗಿ ಯಾರನ್ನೂ ಕೇಳದೆ ಹಳೆಯ ಬೆಂಚೊಂದನ್ನು ಬಿಚ್ಚಿ, ಮುಂದೆರಡು ಹಿಂದೆರಡು ಹಿಡಿಕೆಗಳಿರುವ ಕುರ್ಚಿಯೊಂದನ್ನು ಮಾಡಿ ತಂದು ಮಂಚದ ಪಕ್ಕ ಇಟ್ಟ. ಮೆಟ್ಟಿಲಿಳಿಸುವಾಗ ಕೆಳಗಿನ ಹಿಡಿಕೆ ಅವನು ಹಿಡಿಯಬೇಕು, ಮೇಲಿನದು ಬೀಗದಯ್ಯ. ಅಂದರೆ ಭಾರವೆಲ್ಲ ಅವನ ಮೇಲೆ. ಜಾರಿದರೆ ಮೊದಲು ಬೀಳುವವನೂ ಅವನೇ. ಮೊದಲ ಭಾನುವಾರ ಕೆಳಗೆ ನಿಂತಿದ್ದ ಮಗಳು ಕಣ್ಣು ಮುಚ್ಚಿಕೊಂಡಿದ್ದಳು. ಬಡಗಿ ಹಿಮ್ಮುಖವಾಗಿ, ಒಂದೊಂದು ಮೆಟ್ಟಿಲನ್ನೂ ಅಂಗಾಲಿನಿಂದ ತಡವಿ, ಬೆವರುತ್ತ ಇಳಿದ. ಅವನ ತುಟಿ ಮೆಟ್ಟಿಲು ಎಣಿಸುತ್ತಿದ್ದುದನ್ನು ಕುರ್ಚಿಯಲ್ಲಿದ್ದಾಕೆ ಮಾತ್ರ ಕಂಡಳು.

ತಿರುವಿನಲ್ಲಿ ದಣಿವಾರಿಸಿಕೊಳ್ಳಲು ನಿಂತಾಗ ಒಂದು ಭಾನುವಾರ ಆಕೆ ಕೇಳಿದಳು: "ನಿನ್ನ ಹೆಂಡ್ತಿ ಹೇಗಿದ್ಲಪ್ಪ?"

ವಕೀಲರು ಕೇಳಿದ್ದರು, ಪೊಲೀಸರು ಕೇಳಿದ್ದರು; ಅವರೆಲ್ಲ ಕೇಳಿದ್ದು ಅವಳು ಹೇಗೆ ಸತ್ತಳು ಎಂದು. ಬಡಗಿ ಹಿಡಿಕೆಯ ಮೇಲಿನ ಕೈ ಬದಲಿಸಿ, "ಜೋರಾಗಿ ನಗ್ತಿದ್ಲು ಅಮ್ಮಾ. ಬೀದಿಗೆಲ್ಲ ಕೇಳೋದು" ಎಂದ. ಆಮೇಲೆ ಅವನು ಆಕೆಯೊಡನೆ ಮಾತಾಡತೊಡಗಿದ. ಆಕೆಯೊಡನೆ ಮಾತ್ರ.

ದೇವಾಲಯದಲ್ಲಿ ಅವನು ಕುಳಿತ ಬೆಂಚು ತಾನಾಗಿ ಖಾಲಿಯಾಗುತ್ತಿತ್ತು. ಪಾದ್ರಿಗಳ ಪ್ರಸಂಗದಲ್ಲಿ ಕ್ಷಮೆಯ ಮಾತು ಬಂದಾಗ ತಲೆದೂಗುತ್ತಿದ್ದ ಸಭೆ, ಅವನು ಎದ್ದು ನಿಂತರೆ ಸೆರಗು ಎಳೆದುಕೊಳ್ಳುತ್ತಿತ್ತು. ಬೀಗದಯ್ಯನ ಹೆಂಡತಿಯ ಅಣ್ಣ ಆ ಸಭೆಯ ಹಿರಿಯ, ಘನವಂತ. ತಂಗಿಯ ಕುರ್ಚಿಯನ್ನು ಹೊರಲು ತಾನೂ ಅವಳ ಅಳಿಯನೂ ಬರುವೆವೆಂದು ಎರಡು ಸಲ ಹೇಳಿದ. ಆಕೆ ಬಡಗಿಯ ಕಡೆ ತಿರುಗಿ ನಕ್ಕಳು: "ಬೇಡಪ್ಪ, ಇವರಿಬ್ಬರೂ ಸೇರಿದ್ರೆ ನನ್ನ ತಿರುವಲ್ಲೇ ಕೆಡವ್ತಾರೆ. ಕೊನೇ ಸಲ ಇಳಿಸೋದೂ ನೀನೇ, ತಿಳೀತಾ?" ಬೀಗದಯ್ಯ ಅದನ್ನು ಕೇಳಿಸಿಕೊಂಡರು. ಅಣ್ಣನೂ ಕೇಳಿಸಿಕೊಂಡ.

ಆ ಕೊನೆಯ ಸಲ ಬೇಗನೆ ಬಂತು. ಎರಡನೆಯ ಹೊಡೆತ, ಮಧ್ಯಾಹ್ನ ಅಡುಗೆಮನೆಯ ಬೆಳಕು ಹಾಸಿಗೆಯವರೆಗೆ ಬರುವ ಹೊತ್ತಿಗೆ ಆಕೆ ಹೋಗಿಬಿಟ್ಟಿದ್ದಳು. ಮರುದಿನ ಮನೆ ತುಂಬಿತು. ಪ್ರಾರ್ಥನೆ ಮುಗಿದು, ಪೆಟ್ಟಿಗೆಯ ಮುಚ್ಚಳ ಬಿದ್ದು, ಇಳಿಸುವ ಹೊತ್ತಾದಾಗ ಬಡಗಿ ಒಗೆದ ಅಂಗಿ ತೊಟ್ಟು, ತೋಳು ಮಡಚಿ, ಮೆಟ್ಟಿಲಿನ ತಲೆಯಲ್ಲಿ ತನ್ನ ಜಾಗದಲ್ಲಿ ನಿಂತಿದ್ದ.

ಅಣ್ಣ ದನಿ ಏರಿಸಲಿಲ್ಲ. "ಭಾವ, ಇವನು ಮುಟ್ಟೋದಾದ್ರೆ ನಾವು ಯಾರೂ ಹೊರಲ್ಲ. ಹೆಂಡ್ತಿನ ಮೆಟ್ಟಿಲಿಂದ ತಳ್ಳಿದ ಕೈ ಅದು. ನನ್ನ ತಂಗಿ ಅವಳು."

ಎಲ್ಲರೂ ಬೀಗದಯ್ಯನನ್ನು ನೋಡಿದರು. ಅಳಿಯ ನೆಲ ನೋಡುತ್ತಿದ್ದ, ಮಗಳು ಅಳುತ್ತಿದ್ದಳು, ಪಾದ್ರಿಗಳು ಪುಸ್ತಕದ ನಡುವೆ ಬೆರಳಿಟ್ಟು ಕಾಯುತ್ತಿದ್ದರು. ಹೆಂಡತಿಯ ಮಾತು ಅವರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಆಡಿದರೆ ಸಾವಿನ ಮನೆಯಲ್ಲಿ ಜಗಳ. ಆಕೆಯ ಪೆಟ್ಟಿಗೆ ನಡುಮನೆಯಲ್ಲಿ, ಬಂಧುಬಳಗ ಬೀದಿಯಲ್ಲಿ. ದುಃಖ ಮನುಷ್ಯನನ್ನು ದೊಡ್ಡವನನ್ನಾಗಿಸುತ್ತದೆ ಎನ್ನುತ್ತಾರೆ. ಆ ಗಳಿಗೆಯಲ್ಲಿ ಅದು ಅವರನ್ನು ಬರಿಯ ದಣಿದ ಮುದುಕನನ್ನಾಗಿಸಿತ್ತು. ಅವರ ಬಾಯಿಂದ ಹೊರಟದ್ದು ಅವರದೇ ಹಳೆಯ ದನಿ, ಎಷ್ಟೋ ಸಾವಿರ ಸಲ ಕಬ್ಬಿಣದ ಸರಳುಗಳ ನಡುವಿನಿಂದ ಹೊರಟ ಅದೇ ಚಪ್ಪಟೆ ದನಿ:

"ಹಿಂದೆ ಸರಿ."

ಬಡಗಿ ಸರಿದ. ಎರಡು ಹೆಜ್ಜೆ ಹಿಂದಿಟ್ಟು, ಬೆನ್ನನ್ನು ಗೋಡೆಗೆ ಹಚ್ಚಿ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ದೃಷ್ಟಿಯನ್ನು ನೆಲಕ್ಕೆ ನೆಟ್ಟು ನಿಂತ. ಕೈದಿಗಳು ನಿಲ್ಲುವ ರೀತಿ. ಪೆಟ್ಟಿಗೆ ಅವನ ಎದೆಯನ್ನು ಸವರಿಕೊಂಡೇ ಕೆಳಗಿಳಿಯಿತು. ತಿರುವಿನಲ್ಲಿ ಅಣ್ಣನ ಕಾಲು ತಪ್ಪಿ ಪೆಟ್ಟಿಗೆಯ ಮೂಲೆ ಗೋಡೆಗೆ ಬಡಿದಾಗ, ಆ ಸದ್ದಿಗೆ ಬಡಗಿಯ ಕೈ ಮುಂದೆ ಚಾಚಿ ಹಾಗೆಯೇ ಹಿಂದೆ ಬಂದುದನ್ನು ಬೀಗದಯ್ಯ ಕಂಡರು.

ಮಣ್ಣು ಮಾಡಿ ಮರಳಿ ಬಂದಾಗ ಸಾಮಾನಿನ ಕೋಣೆ ಗುಡಿಸಿತ್ತು, ಚಾಪೆ ಸುತ್ತಿ ನಿಲ್ಲಿಸಿತ್ತು, ಅವನಿರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವರಿಗೆ ಪ್ರಾರ್ಥನೆ ಕೂಡಿಬರಲಿಲ್ಲ. ಮಂಡಿಯೂರಿದರೆ ಕಿವಿಯಲ್ಲಿ ತಮ್ಮದೇ ದನಿ. ಪಾದ್ರಿಗಳು ಬಂದು ಕೈಹಿಡಿದು, "ಸಾವಿನ ಮನೆಯ ಗದ್ದಲದಲ್ಲಿ ಆದ ಮಾತು, ಮನಸ್ಸಿಗೆ ಹಚ್ಕೋಬೇಡಿ. ದೇವರು ಕ್ಷಮಿಸ್ತಾನೆ" ಎಂದರು.

"ಕ್ಷಮಿಸ್ತಾನೆ, ಗೊತ್ತು ಅಯ್ಯಾ. ಆದ್ರೆ ನಾನು ಹಿಂದೆ ಸರಿ ಅಂದಿದ್ದು ದೇವರಿಗಲ್ಲವಲ್ಲ."

ಅವನನ್ನು ಹುಡುಕುತ್ತ ಹೊರಟರು. ಮರದ ಮಿಲ್ಲುಗಳು, ಕಟ್ಟಡ ಏಳುತ್ತಿದ್ದ ಜಾಗಗಳು, ಬಸ್ ನಿಲ್ದಾಣಗಳ ಬೆಂಚುಗಳು. ಕಡೆಗೆ ದೂರದ ಊರೊಂದರಲ್ಲಿ, ಹಣ್ಣು ತುಂಬುವ ಮರದ ಪೆಟ್ಟಿಗೆಗಳನ್ನು ಮಾಡುವ ಕಾರ್ಖಾನೆಯಲ್ಲಿ, ಹೊಟ್ಟಿನ ಧೂಳಿನ ನಡುವೆ ಮೊಳೆ ಹೊಡೆಯುತ್ತ ಕುಳಿತಿದ್ದ. ಇವರನ್ನು ಕಂಡೊಡನೆ ಅಭ್ಯಾಸಬಲದಿಂದ ಎದ್ದು ನಿಂತ. ಆ ಎದ್ದು ನಿಂತದ್ದೇ ಅವರಿಗೆ ಸಾಕಾಯಿತು.

"ಕೂತ್ಕೋಪ್ಪ," ಎಂದರು. "ತಪ್ಪು ಮಾಡ್ದೆ. ಕ್ಷಮಿಸು ಅಂತ ಕೇಳೋಕೆ ಬಂದೆ."

ಬಡಗಿ ಬಾಯಲ್ಲಿ ಹಿಡಿದಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡ. "ಕ್ಷಮಿಸ್ದೆ ಅಂದ್ರೆ ನಿಮಗೆ ಹಗುರ ಆಗತ್ತೆ ಅಯ್ಯಾ. ನನಗೇನಾಗತ್ತೆ?"

ಗರಗಸದ ಯಂತ್ರ ನಿಂತು ಮತ್ತೆ ಶುರುವಾಯಿತು.

"ಅಮ್ಮನ್ನ ಮಣ್ಣು ಮಾಡುವಾಗ ಗೋಡೆ ಆಚೆ ನಿಂತಿದ್ದೆ," ಎಂದ ಅವನೇ. "ಗಾಳಿ ಜೋರಾಗಿತ್ತು. ಯಾವ ಹಾಡು ಹಾಡಿದ್ರಿ ಅಂತ ಕೇಳಿಸ್ಲಿಲ್ಲ."

ಬೀಗದಯ್ಯ ಹೇಳಿದರು. ಆಕೆಗೆ ಇಷ್ಟವಾಗಿದ್ದ ಕೀರ್ತನೆಗಳು ಎರಡು; ಎರಡನ್ನೂ ಹಾಡಿದ್ದರು. ಅವನು ತಲೆಯಾಡಿಸಿದ. "ಸರಿ. ಹೊತ್ತಾಯ್ತು ನಿಮಗೆ, ಬಸ್ ತಪ್ಪತ್ತೆ." ಮೊಳೆಗಳು ಮತ್ತೆ ಬಾಯಿಗೆ ಹೋದವು. ಮನೆಗೆ ಬಾ ಎನ್ನಲು ಇವರಿಗೆ ಧೈರ್ಯವಾಗಲಿಲ್ಲ. ಕರೆದಿದ್ದರೂ ಅವನು ಬರುತ್ತಿರಲಿಲ್ಲ. ಮುಂದೆಂದೂ ಅವರಿಬ್ಬರು ಭೇಟಿಯಾಗಲಿಲ್ಲ.

ಇಷ್ಟಾದ ಮೇಲೆ ಮಗಳು, "ಸಾಕಪ್ಪಾ, ಇನ್ನಾದ್ರೂ ನಮ್ಮ ಮನೆಗೆ ಬಂದು ಸುಖವಾಗಿರಿ" ಎಂದಳು. ಅವರು ಒಂದು ವಾರವಿದ್ದು ಮರಳಿದರು. ಬಿಡುಗಡೆಯ ಬೆಳಗುಗಳಲ್ಲಿ ಸೆರೆಮನೆಯ ಎದುರು ಮತ್ತೆ ಕಾಣಿಸಿಕೊಂಡರು. ನಡಿಗೆ ಇನ್ನಷ್ಟು ಬಾಗಿತ್ತು. ಈಗ ಅವರು ಯಾರಿಗೂ ದೇವರ ಮಾತು ಹೇಳುತ್ತಿರಲಿಲ್ಲ, ಇಲ್ಲಿಂದಾಚೆ ಎಲ್ಲ ಒಳ್ಳೆಯದಾಗುತ್ತದೆ ಎಂದೂ ಅನ್ನುತ್ತಿರಲಿಲ್ಲ. ಹೊರಗೆ ಬಂದವನು ಮಾತಾಡಿದರೆ ಕೇಳುತ್ತಿದ್ದರು, ಮಾತಾಡದಿದ್ದರೆ ಜೊತೆಗೆ ನಡೆಯುತ್ತಿದ್ದರು. ಯಾವ ಕಡೆ ಎಂದು ಅವನು ಕೇಳಿದರೆ, "ನೀನೇ ಹೇಳಪ್ಪ" ಎನ್ನುತ್ತಿದ್ದರು. ಪ್ರಾರ್ಥನೆ ಮರಳಿತೇ ಎಂದು ಪಾದ್ರಿಗಳು ಒಮ್ಮೆ ಮೆಲ್ಲನೆ ವಿಚಾರಿಸಿದ್ದಕ್ಕೆ, "ಮಂಡಿ ಊರ್ತೀನಿ. ಅಷ್ಟು ಮಾಡ್ತೀನಿ" ಎಂದರಂತೆ.

ಲೋಕದಲ್ಲಿ ಇಂಥ ಕೆಲವರಿದ್ದಾರೆ. ತಮ್ಮ ಬದುಕಿನ ಒಂದೇ ನಿಜವಾದ ಪರೀಕ್ಷೆಯಲ್ಲಿ, ಎಲ್ಲರ ಕಣ್ಣೆದುರಿಗೆ, ಸೋತವರು. ಸೋತ ಮೇಲೆ ಭಕ್ತಿಯ ಸಂತೋಷ ಅವರನ್ನು ಬಿಟ್ಟುಹೋಗುತ್ತದೆ, ಹೊಗಳುವವರು ಮೊದಲೇ ಇರುವುದಿಲ್ಲ. ತಾವು ಮಾಡಿದ ಒಳ್ಳೆಯದು ತಮ್ಮನ್ನು ಕಾಪಾಡೀತೆಂಬ ಭ್ರಮೆಯೂ ಕಳಚಿ ಬೀಳುತ್ತದೆ. ಆದರೂ ಬೆಳಗಾದರೆ ಅವರು ಎದ್ದು ಅದೇ ಕೆಲಸಕ್ಕೆ ಹೊರಡುತ್ತಾರೆ, ಏಕೆಂದರೆ ಕೆಲಸ ಇನ್ನೂ ಅಲ್ಲಿಯೇ ಇರುತ್ತದೆ. ಗೆದ್ದ ಭಕ್ತರ ಕಥೆಗಳನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಸೋತವರ ಕಥೆಯನ್ನು ಯಾರೂ ಹೇಳುವುದಿಲ್ಲ. ಆದರೆ ಯಾರೂ ಬಾರದ ಜಾಗದಲ್ಲಿ ಯಾರೋ ಒಬ್ಬರು ನಿಂತಿರುವುದು ಕಂಡರೆ, ಬಹಳ ಸಲ, ಅವರು ಇವರೇ ಆಗಿರುತ್ತಾರೆ.