ಹಳ್ಳದ ಉಸುಕಿನಲ್ಲಿ ಹೂಡಿದ ಡೇರೆ

ಹೇಳಬೇಕೋ, ಬಿಡಬೇಕೋ? ಹೇಳಿದರೆ ತಾನೇ ಸೋತಂತೆ. ಹೇಳದಿದ್ದರೆ... ರಘೋತ್ತಮರಾಯರು ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

ಪಡಸಾಲೆಯಲ್ಲಿ ಮಗ ಮಿಲಿಂದ ಬೆನ್ನಚೀಲ ತುಂಬುತ್ತಿದ್ದ. ಮೂರು ದಿನ ಒಬ್ಬನೇ ನಡೆಯುವ ಆಸೆ ಅವನದು. ಸುರೇಬಾನದ ಕಡೆಯಿಂದ ಹೊರಟು, ಗುಡ್ಡದ ಸಾಲು ಹಿಡಿದು, ಸವದತ್ತಿ ಮುಟ್ಟುವುದು. ಈ ಮೊದಲು ಅವನು ಒಂದು ರಾತ್ರಿಯೂ ಬಯಲಲ್ಲಿ ಮಲಗಿದವನಲ್ಲ.

"ಎಲ್ಲಿ ಮಲಗತೀಯೋ?" ತಾಯಿ ರಾಧಾಬಾಯಿ ಕೇಳಿದರು.

"ಹಳ್ಳದಾಗ, ಅವ್ವಾ. ಸುತ್ತೆಲ್ಲ ಎರಿ ಹೊಲ, ಕಾಲಿಟ್ರ ಕೆಸರು. ಹಳ್ಳದಾಗ ಉಸುಕು ಹೆಂಗದ ಅಂತಿ, ಗಾದಿ ಹಾಸಿದಂಗ. ನೀರೂ ಬಾಜೂಕ ಹರೀತದ. ಮೊಬೈಲ್‌ನ್ಯಾಗ ನೋಡೀನಿ."

ರಾಯರು ಖಾಲಿ ಬಟ್ಟಲನ್ನು ಕೆಳಗಿಟ್ಟರು. ನೀರಾವರಿ ಇಲಾಖೆಯಲ್ಲಿ ಅವರ ಆಯುಷ್ಯವೆಲ್ಲ ಹಳ್ಳಗಳ ನೀರು ಅಳೆಯುವುದರಲ್ಲೇ ಸವೆದಿತ್ತು. ಇವು ಅಕ್ಟೋಬರಿನ ಚಿತ್ತಿ ಮಳೆಯ ದಿನಗಳು. ಮೇಲಿನ ಗುಡ್ಡದಲ್ಲಿ ಮಳೆ ಬಿದ್ದರೆ ಸಾಕು, ಕೆಳಗೆ ಬಿಸಿಲಿರುವಾಗಲೇ ಹಳ್ಳ ತುಂಬಿ ಬರುತ್ತದೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ತಾವು ಓಡಾಡಿ ಕೊಡಿಸಿದ್ದ ಸೊಸೈಟಿ ನೌಕರಿಯನ್ನು ಮಗ ಬಿಟ್ಟು ಬಂದ ದಿನದಿಂದ ಅವರು ಅವನೊಡನೆ ನೇರವಾಗಿ ಮಾತಾಡಿರಲಿಲ್ಲ. ಆ ಮನೆಯಲ್ಲಿ ಮಾತೆಲ್ಲ ರಾಧಾಬಾಯಿಯ ಮೂಲಕವೇ ಹಾಯಬೇಕು.

"ಮೊಬೈಲ್ ಹೇಳಿದ್ದ ಖರೇ ಅವಗ," ಎಂದರು ಹೆಂಡತಿಗೆ. "ಹೋಗ್ಲಿ ಬಿಡು. ಹೋಗಿ ನೋಡ್ಲಿ."

"ಅವ್ವಾ, ನಾ ಯಾರ ಪರವಾನಗಿನೂ ಕೇಳಿಲ್ಲಂತ ಹೇಳು," ಎಂದ ಮಿಲಿಂದ.

"ನಾ ಏನ್ ನಿಮ್ಮಿಬ್ಬರ ನಡುವ ಟಪಾಲ ಹಂಚಾಕಿ ಏನ?" ರಾಧಾಬಾಯಿ ಜೋಳದ ಭಕ್ರಿಯ ಗಂಟನ್ನು ಚೀಲಕ್ಕೆ ತುರುಕಿದರು. "ಒಂದ ಮನ್ಯಾಗ ಇದ್ದು ಒಂದ ಮಾತಿಲ್ಲ. ಈ ಗೋಡಿಗಳರೆ ಎಷ್ಟೋ ಛಲೋ."

ಮಿಲಿಂದ ಹೊಸ್ತಿಲು ದಾಟಿದ. ರಾಯರು ಕೆಮ್ಮಿದರು. ಮಗ ಒಂದು ಗಳಿಗೆ ನಿಂತ. ಕೆಮ್ಮಿನ ಹಿಂದೆ ಮಾತು ಬರಲಿಲ್ಲ. ಅವನು ಹೋದ.

ಅಂದು ಇಳಿಹೊತ್ತು ಅವರ ಊರಾದ ರಾಮದುರ್ಗದಲ್ಲಿ ಒಂದು ಹನಿಯೂ ಬೀಳಲಿಲ್ಲ. ದೂರದ ಗುಡ್ಡಗಳ ಮೇಲೆ ಮಾತ್ರ ಆಕಾಶ ಕಪ್ಪಾಗಿ ಇಳಿದಿತ್ತು. ರಾಯರು ಮಾಳಿಗೆ ಹತ್ತಿ ಅದನ್ನೇ ನೋಡುತ್ತ ನಿಂತರು.

"ಇಲ್ಲೆ ಬಿಸಿಲ ಅದ. ಅವಗೇನೂ ತ್ರಾಸಿಲ್ಲ, ಅಲ್ರಿ?" ಕೆಳಗಿನಿಂದ ರಾಧಾಬಾಯಿ ಕೇಳಿದರು.

ರಾಯರು ಕೆಳಗಿಳಿದು ಬಂದರು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಮಗನಿಗೆ ಫೋನು ಹಚ್ಚಿದರು. ಹತ್ತಲಿಲ್ಲ. ಯಾರನ್ನಾದರೂ ಕಳಿಸೋಣವೆಂದರೆ ಎಲ್ಲಿಗೆ ಕಳಿಸುವುದು? ಯಾವ ಹಳ್ಳ, ಯಾವ ತಿರುವು ಎಂದು ಮಗ ಹೇಳಿರಲಿಲ್ಲ. ತಾವು ಕೇಳಿರಲಿಲ್ಲ.

ಮರುದಿನ ಕುರಿ ಮೇಯಿಸುವ ಪರಪ್ಪ ಎಂಬವನು ಮಿಲಿಂದನನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದ. ಹಿಂದಿನ ಸಂಜೆ ಡೇರೆಯೊಳಗೆ ಕಾಲು ಚಾಚಿ ಮಲಗಿದ್ದಾಗ ಒಮ್ಮೆಲೇ ನೀರು ನುಗ್ಗಿತ್ತು. ಡೇರೆ, ಚೀಲ, ಫೋನು ಎಲ್ಲ ಕೊಚ್ಚಿ ಹೋದವು. ಉರುಳಿ ಬಂದ ಬಂಡೆ ಎಡಪಾದವನ್ನು ಜಜ್ಜಿತ್ತು. ಜೀವ ಉಳಿಯಿತು. ನಡಿಗೆ ಮಾತ್ರ ಇನ್ನು ಮೊದಲಿನಂತೆ ಆಗದು ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ನೋಡಲು ಬಂದವರಲ್ಲಿ ಬಾಜೂ ಮನೆಯ ಶೈಲಜಾ ಒಬ್ಬರು. ಹೈಸ್ಕೂಲಿನಲ್ಲಿ ಆಟದ ಟೀಚರು. ವರ್ಷವರ್ಷ ಮಕ್ಕಳನ್ನು ಚಾರಣಕ್ಕೆ ಕರೆದೊಯ್ಯುವವರು.

"ಒಬ್ಬನ ಅಡ್ಯಾಡೂದ ಹುಚ್ಚು," ಎಂದರು ರಾಯರು, ಆಕೆಗೆ.

"ಹುಚ್ಚಲ್ರೀ ಕಾಕಾರ. ತಿಳೀದ ಅಡ್ಯಾಡೂದು ತಪ್ಪು. ಮೊದಲನೇ ಸಲಾನ ಮೂರು ದಿನ ಯಾಕ? ಮೊದಲ ಬಲ್ಲವರ ಜೋಡಿ ಹೋಗಬೇಕು. ಆಮ್ಯಾಲೆ ಒಬ್ಬನ ಒಂದ ರಾತ್ರಿ, ಊರು-ರಸ್ತಾ ಹತ್ರ ಇರೂ ಹಾದಿ. ರೂಢಿ ಆದ ಮ್ಯಾಲೆ ಮೂರು ದಿನ."

"ಉಸುಕು ಒಣಗಿತ್ರಿ, ಅಕ್ಕಾರ," ಎಂದ ಮಿಲಿಂದ.

"ಉಸುಕು ನೋಡಿದಿ. ದಂಡೀಮ್ಯಾಲಿನ ಜಾಲಿಕಂಟಿ ನೋಡಿದೇನು? ಅದರಾಗ ಕಸ-ಕಡ್ಡಿ ಜೋತಬಿದ್ದಿರತಾವ. ಹಿಂದ ನೀರು ಅಷ್ಟೆತ್ತರಕ್ಕ ಬಂದಿತ್ತಂತ ಅರ್ಥ. ಡೇರೆ ಅದಕ್ಕಿಂತ ಮ್ಯಾಲ, ಹಳ್ಳದಿಂದ ದೂರ ಇರಬೇಕು. ಹಂಗಂತ ಗುಡ್ಡದ ನೆತ್ತೀಮ್ಯಾಲೂ ಬ್ಯಾಡ, ಒಂಟಿ ಗಿಡದ ಬುಡಕೂ ಬ್ಯಾಡ, ಸಿಡ್ಲ ಬಡೀತೈತಿ. ಕಬ್ಬಿನ ಹೊಲದ ಬದುವೂ ಬ್ಯಾಡ, ಹಂದಿ-ಹಾವು ಇರತಾವ. ಊರಾಗ ಹೋಗಿ ಕೇಳು, ಎಲ್ಲಿ ಮಲಗಲೀಂತ. ಹೊಲದವ್ರು ಹೂಂ ಅಂದ್ರ ಅಲ್ಲೆ ಮಲಗು. ಅಡವಿ ಇದ್ರ ಅರಣ್ಯದವರ ಪರವಾನಗಿ ಬೇಕು."

"ಕೇಳಿದ್ರ ಮಂದಿ ನಗತಾರ."

"ನಗಲಿ. ನಕ್ಕ ಮಂದೀನ ಜಾಗಾನೂ ತೋರಸ್ತಾರ." ಶೈಲಜಾ ರಾಧಾಬಾಯಿಯ ಕಡೆ ತಿರುಗಿದರು. "ಮತ್ತ ಮನ್ಯಾಗ ಒಬ್ಬರಿಗೆ ಹೇಳಿ ಹೋಗಬೇಕ್ರೀ. ಯಾವ ಹಾದಿ, ಮಲಗೂದು ಎಲ್ಲಿ, ಎಷ್ಟೊತ್ತಿಗೆ ಫೋನು. ಆ ಹೊತ್ತಿಗೆ ಫೋನು ಬರಲಿಲ್ಲಂದ್ರ ನೀವು ಸುಮ್ಮನ ಕುಂದರಬ್ಯಾಡ್ರಿ. ತುರ್ತು ನಂಬರು ನೂರಾ ಹನ್ನೆರಡಕ್ಕ ಹಚ್ರಿ." ಆಮೇಲೆ ರಾಯರನ್ನು ನೋಡಿದರು. "ಅಲ್ರೀ ಕಾಕಾರ, ಹಳ್ಳದ ನೀರು ಅಳದವರು ನೀವು. ನಿಮಗ ಗೊತ್ತಿತ್ತಲ್ರೀ?"

ರಾಯರು ಗೋಡೆ ನೋಡಿದರು.

"ನಾ ಎಲ್ಲಿ ಕೇಳೀನ್ರಿ ಅವರಿಗೆ," ಎಂದ ಮಿಲಿಂದ. "ನಂದ ತಪ್ಪು."

ಮಗ ಬೈದಿದ್ದರೂ ರಾಯರಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಮುಂದಿನ ವರ್ಷ ಚಳಿಗಾಲದಲ್ಲಿ ಮಿಲಿಂದ ಕುಂಟುತ್ತಲೇ ಮತ್ತೆ ಹೊರಟ. ಶೈಲಜಾ ಅವರ ಗುಂಪಿನೊಡನೆ ಒಂದು ಸಲ ಹೋಗಿ ಬಂದಿದ್ದ. ಈ ಸಲ ಒಬ್ಬನೇ, ಒಂದೇ ರಾತ್ರಿ, ಚಚಡಿಯ ಸಮೀಪ, ಹೊಲದವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆದ ಎತ್ತರದ ಜಾಗ. ರಾಯರು ಬಾಗಿಲಿಗೆ ಬಂದು ಮಗನನ್ನೇ ನೇರವಾಗಿ ಕೇಳಿದರು.

"ಎಲ್ಲಿ ಮಲಗತಿ?"

ಮಿಲಿಂದ ಹೇಳಿದ.

"ಹಳ್ಳ ಎಷ್ಟು ದೂರ ಅದ?"

ಅದನ್ನೂ ಹೇಳಿದ.

"ಮುಟ್ಟಿದ ಕೂಡ್ಲೆ ಫೋನ್ ಮಾಡು. ಅವ್ವಗ ಅಲ್ಲ, ನನಗ ಮಾಡು."

"ಅಂತೂ ನನ್ನ ಟಪಾಲ ನೌಕರಿ ಹೋತು," ಎಂದರು ರಾಧಾಬಾಯಿ. ಯಾರೂ ನಗಲಿಲ್ಲ. ಈ ನಾಲ್ಕು ಮಾತಿಗಾಗಿ ಆ ಮನೆ ಮಗನ ಒಂದು ಪಾದವನ್ನು ತೆತ್ತಿತ್ತು.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಒಬ್ಬರೇ ನಡೆಯಲು ಹೊರಟರೆ ಕಾಲು ಹಿಡಿದು ಎಳೆಯಬೇಡಿ. ಬಾಯಿ ಮುಚ್ಚಿಕೊಂಡು ಕಳಿಸಲೂ ಬೇಡಿ. ರಾತ್ರಿ ಎಲ್ಲಿ ಮಲಗುತ್ತೀಯ ಎಂದು ಕೇಳಿ. ನಿಮಗೆ ಗೊತ್ತಿದ್ದದ್ದನ್ನು ಹೇಳಿ. ಹೊರಟವರೇ, ಸಣ್ಣ ಹಾದಿಯಿಂದ ಶುರುಮಾಡಿ, ನೀರಿನ ದಾರಿಯಲ್ಲಿ ಡೇರೆ ಹೂಡಬೇಡಿ, ಹೋಗುವ ಜಾಗವನ್ನು ಮನೆಯಲ್ಲಿ ಹೇಳಿ ಹೋಗಿ. ಮುನಿಸಿದ್ದರೂ ಹೇಳಿ. ಮುನಿಸನ್ನು ತಿರುಗಿ ಬಂದ ಮೇಲೆ ಮುಂದುವರಿಸಬಹುದು.

ರಘೋತ್ತಮರಾಯರು ಈಗ ಮಗನಿಗೆ ಎಲ್ಲ ಹೇಳುತ್ತಾರೆ. ಆ ದಿನ ಚಹಾ ಕುಡಿಯುತ್ತ ಕುಳಿತಾಗ, ಇವನು ಸೋತು ತಿರುಗಿ ಬರಲಿ ಎಂದು ತಾವು ಬಯಸಿದ್ದನ್ನು ಮಾತ್ರ ಅವರು ಎಂದೂ ಹೇಳಲಿಲ್ಲ.