ಸಡಿಲ ಗಂಟು

ಪಾರ್ಶ್ವವಾಯು ಬಡಿದು ಎದ್ದಮೇಲೆ ಅಪ್ಪನ ಬಲಗೈಯ ಎರಡು ಬೆರಳು ಜೋಮು ಹಿಡಿದೇ ಉಳಿದವು. ಮನುಷ್ಯ ಮಾತ್ರ ಹಟಮಾರಿ. ಮಗಳು ನಡೆಸುತ್ತಿದ್ದ ಸ್ಟುಡಿಯೋಗೆ ಬಂದು ಕೂತು, ಗಂಟು ಹಾಕುವ ಕೆಲಸ ತನ್ನದೇ ಎಂದುಬಿಟ್ಟ. ಗಾಳಿಪಟದಿಂದ ಶುರುವಾದ ಸ್ಟುಡಿಯೋ ಅದು. ಈಗ ಗಾಳಿಗೆ ತಿರುಗುವ, ಓಲಾಡುವ ಕಲಾಕೃತಿಗಳೂ ಅಲ್ಲಿ ತಯಾರಾಗುತ್ತಿದ್ದವು. ಮೀಸೆ ಮೂಡುವ ಮೊದಲೇ ಪಟಕ್ಕೆ ಸೂತ್ರ ಕಟ್ಟಲು ಕಲಿತವನಿಗೆ ಬೇಡ ಎನ್ನಲು ಮಗಳಿಗೆ ಬಾಯಿ ಬರಲಿಲ್ಲ.

ಬಾಯಿ ಬರದವಳು ಕಳ್ಳದಾರಿ ಹಿಡಿದಳು. ಸಂಜೆ ಅಪ್ಪ ಅಡ್ಡಾಡಲು ಹೊರಟ ಕೂಡಲೇ ಅವನು ಕಟ್ಟಿದ್ದನ್ನೆಲ್ಲ ಬಿಚ್ಚಿ, ತಾನು ಮತ್ತೆ ಕಟ್ಟುವುದು. ಅಪ್ಪನ ಗಂಟುಗಳೋ, ಮುಟ್ಟಿದರೆ ಬಿಚ್ಚಿಕೊಳ್ಳುವಷ್ಟು ಸಡಿಲ. ಬೆಳಿಗ್ಗೆ ಅಪ್ಪ ಅವಳು ಕಟ್ಟಿದ್ದನ್ನು ತನ್ನದೆಂಬಂತೆ ಎಳೆದು ನೋಡಿ ತಲೆದೂಗುವಾಗ ಅವಳಿಗೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನಿಸುತ್ತಿತ್ತು.

ಗ್ರಂಥಾಲಯದ ಮಕ್ಕಳ ಕೋಣೆಗೆಂದು ಮಾಡಿದ ಕೃತಿಗೆ ‘ಹಿಂಡು’ ಎಂದು ಹೆಸರಿಟ್ಟಿದ್ದರು. ಬಿದಿರಿನ ತೋಳುಗಳಿಂದ ಇಳಿಬಿದ್ದ ಹಿತ್ತಾಳೆ ಹಕ್ಕಿಗಳು. ಬಾಗಿಲು ತೆರೆದರೆ ಸಾಕು, ಆ ಗಾಳಿಗೇ ಒಂದೊಂದಾಗಿ ತಿರುಗುತ್ತಿದ್ದವು. ಕೊನೆಯ ತೋಳನ್ನು ಕಟ್ಟಿದ ಸಂಜೆ ಅಪ್ಪ ಖುಷಿಯಲ್ಲಿ ಅಡ್ಡಾಡಲೂ ಹೋಗದೆ ಅದರ ಕೆಳಗೇ ಕುರ್ಚಿ ಹಾಕಿ ಕೂತುಬಿಟ್ಟ. ಬೆಳಿಗ್ಗೆ ಬೇಗ ಬಂದು ಬಿಚ್ಚಿ ಕಟ್ಟೋಣ ಎಂದುಕೊಂಡರೆ, ‘ಹಿಂಡು’ ಒಯ್ಯುವ ಲಾರಿಯವನು ಅವಳಿಗಿಂತ ಮೊದಲೇ ಬಂದು ಬಾಗಿಲಲ್ಲಿ ಗಡಿಬಿಡಿ ಮಾಡುತ್ತಿದ್ದ.

ಅಪ್ಪ ನೇರವಾಗಿ ಗ್ರಂಥಾಲಯಕ್ಕೇ ಬಂದ. ಕೃತಿಯನ್ನು ಸೂರಿಗೇರಿಸಲು ರಾಟೆಯವನು ಹಗ್ಗ ಎಳೆಯತೊಡಗಿದ. ಆ ಕೊನೆಯ ತೋಳು ಪುಟಾಣಿ ಮೇಜುಗಳ ನೇರ ಮೇಲಕ್ಕೆ ಏರತೊಡಗಿತು. ಹೇಳಿದರೆ ಇಷ್ಟು ಜನರೆದುರು ಅಪ್ಪನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ನಾಳೆ ಯಾವುದೋ ಮಗುವಿನ ತಲೆ ಒಡೆಯುತ್ತದೆ. ಇದರಲ್ಲಿ ಯೋಚಿಸುವಂಥದ್ದೇನಿತ್ತು? ಆದರೂ ಅದು ಅರ್ಧ ಏರುವವರೆಗೂ ಯೋಚಿಸಿದಳು, ಪುಣ್ಯಾತ್ಗಿತ್ತಿ.

“ನಿಲ್ಸಿ, ಕೆಳಗಿಳ್ಸಿ,” ಎಂದಳು.

ಅದೇ ಮಾತು, ಅದೇ ಗಳಿಗೆಯಲ್ಲಿ, ಅಪ್ಪನ ಬಾಯಿಂದಲೂ ಬಂತು.

“ಈಗ ತಾನೆ ಎಳಿ ಅಂದ್ರಿ,” ಎಂದು ಗೊಣಗುತ್ತ ರಾಟೆಯವನು ಇಳಿಸಿದ.

ಮಗಳು ಅಪ್ಪನನ್ನು ಪಕ್ಕಕ್ಕೆ ಕರೆದಳು. “ಅಪ್ಪ, ಆ ಕೊನೇ ತೋಳಿನ ಗಂಟು ನೀನು ಕಟ್ಟಿದ್ದು. ಬೇರೆ ಎಲ್ಲಾನೂ ದಿನಾ ನಾನು ಬಿಚ್ಚಿ ಕಟ್ತಿದ್ದೆ. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ.” ಅಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

“ಅದು ಗೊತ್ತು ಕಣೆ. ನಿನ್ನೆ ಕಟ್ಟಿದ್ದು ಯಾಕೆ ಬಿಚ್ಚಿಲ್ಲ, ಅದನ್ನ ಹೇಳು.”

ಅವಳು ಪಿಳಿಪಿಳಿ ಕಣ್ಣು ಬಿಟ್ಟಳು.

“ನಾನು ದಾರದ ತುದಿ ಉದ್ದ ಬಿಡ್ತೀನಿ, ನೀನು ಗಿಡ್ಡ ಕತ್ತರಿಸ್ತೀಯ. ಮೊದಲನೇ ವಾರಾನೇ ಗೊತ್ತಾಯ್ತು. ಹೇಗಿದ್ರೂ ಬಿಚ್ತಾಳಲ್ಲ, ಉಗುರು ಯಾಕೆ ಹಾಳು ಮಾಡ್ಕೋಬೇಕು ಅಂತ ಬೇಕಂತ್ಲೇ ಸಡಿಲವಾಗಿ ಕಟ್ತಿದ್ದೆ. ಈಗ ನೋಡಿದ್ರೆ ಮೇಲೆ ನನ್ನ ಉದ್ದ ತುದಿ ನೇತಾಡ್ತಿದೆ. ಜೀವ ಬಾಯಿಗೆ ಬಂತು.”

“ಗೊತ್ತಿದ್ದೂ ಯಾಕಪ್ಪ ಸುಮ್ನಿದ್ದೆ?”

ಅಪ್ಪ ಬೆರಳುಗಳನ್ನು ನೀವಿಕೊಂಡ. “ಹೇಳಿದ್ರೆ ಮನೇಲಿ ಕೂತ್ಕೋ ಅಂತೀಯೇನೋ ಅಂತ ಭಯ.”

ಅವಳಿಗೆ ನಗು ಅಳು ಒಟ್ಟಿಗೇ ಬಂತು. ಎಷ್ಟು ತಿಂಗಳಿಂದ ಹೊತ್ತಿದ್ದ ಭಾರವೋ, ನಿಂತ ನಿಲುವಿನಲ್ಲೇ ಇಳಿದುಹೋಯಿತು. “ಗಂಟು ಇನ್ಮೇಲೆ ನಂದು,” ಎಂದಳು.

“ತಗೋ ಮಾರಾಯ್ತಿ,” ಎಂದು ಅಪ್ಪ ಜೇಬಿನಲ್ಲಿದ್ದ ದಾರದುಂಡೆಯನ್ನು, ಬೇಡದ ನೆಂಟನನ್ನು ಸಾಗಹಾಕುವಂತೆ, ಅವಳ ಕೈಗೆ ತುರುಕಿದ. “ದಿನಾ ಇದನ್ನ ನೋಡಿ ನೋಡಿ ಸಾಕಾಗಿತ್ತು.”

ಇಬ್ಬರೂ ನೆಲದ ಮೇಲೇ ಕೂತರು. ಅವಳು ಕಟ್ಟಿದಳು, ಅವನು ಎಡಗೈಯಲ್ಲಿ ಒಂದೊಂದನ್ನೂ ಜಗ್ಗಿ ನೋಡಿದ.

ಕೊನೆಯ ಹಕ್ಕಿಯನ್ನು ಹಿಡಿದುಕೊಂಡೇ, “ನಾಳೆ ಬರ್ಲಾ?” ಎಂದು ಕೇಳಿದ. ಹಾಗೆ ಅವನು ಯಾರ ಅಪ್ಪಣೆಯನ್ನೂ ಕೇಳಿದವನಲ್ಲ.

“ಬರ್ದೆ ಮತ್ತೆ? ತೂಕ ಎಲ್ಲಿ ವಾಲ್ತಿದೆ ಅಂತ ನೋಡೋ ಕಣ್ಣು ನಂಗೆಲ್ಲಿದೆ?”

ಅಪ್ಪ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡು, ರಾಟೆಯವನಿಗೆ, “ಈಗ ಎಳಿಯಪ್ಪ,” ಎಂದ.