ಚಾಕು ತಾಗದ ಎಲೆ

ಸಲಾಡಿನ ಲೆಟ್ಯೂಸ್ ಎಲೆಯ ಚೂರೊಂದು ಗಂಟಲಿಗೆ ಸಿಕ್ಕಿ ಅತ್ತೆ ಉಗೆತ್ ಕೆಮ್ಮಿದ ದಿನದಿಂದ ಸೊಲೆನ್ ಊಟಕ್ಕೆ ಕೂತಾಗ ತನ್ನ ತಟ್ಟೆಯನ್ನು ನೋಡುವುದನ್ನೇ ಬಿಟ್ಟಿದ್ದಳು. ಅವಳ ಕಣ್ಣೆಲ್ಲ ಅತ್ತೆಯ ಕೊರಳ ಮೇಲೆ. ಲಕ್ವ ಹೊಡೆದು ಮೂರು ತಿಂಗಳಾಗಿತ್ತು. ಅತ್ತೆಯ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಏನು ಕೊಟ್ಟರೂ ಸಣ್ಣಗೆ ಹೆಚ್ಚಿ ಕೊಡಿ ಎಂದಿದ್ದರು ಡಾಕ್ಟರು. ಮಾಂಸ, ಕ್ಯಾರೆಟ್ಟು, ಎಲ್ಲಕ್ಕೂ ಉಗೆತ್ ಒಪ್ಪಿದ್ದಳು. ಸಲಾಡಿಗೆ ಮಾತ್ರ ಇಲ್ಲ.

"ಎಲೆಗೆ ಚಾಕು ತಾಗಿಸಿದ್ಯೋ, ನಾನು ಮುಟ್ಟಲ್ಲ."

ಇಪ್ಪತ್ತಾರು ವರ್ಷದ ಹಿಂದೆ, ಸೊಮ್ಯೂರ್ ಪಟ್ಟಣದ ಇದೇ ಅಡುಗೆಮನೆಯಲ್ಲಿ, ಹೊಸ ಸೊಸೆ ಲೆಟ್ಯೂಸನ್ನು ಮಣೆಯ ಮೇಲಿಟ್ಟು ಕಚಕಚನೆ ಹೆಚ್ಚಿದ್ದಳು. "ಮೊಲಕ್ಕೆ ಮೇವು ಹಾಕ್ತಿದೀಯೇನೇ?" ಎಂದಿದ್ದಳು ಉಗೆತ್, ಮನೆತುಂಬ ನೆಂಟರ ಎದುರು. ಸಲಾಡಿನ ಎಲೆಗೆ ಚಾಕು ತಾಗಿಸಬಾರದೆಂಬುದು, ವಿನೆಗರ್ ತಾಗಿದರೆ ಚಾಕು ಕಪ್ಪಾಗುತ್ತಿದ್ದ ಅಜ್ಜಿಯರ ಕಾಲದ ಕಟ್ಟಳೆ. ಕಪ್ಪಾಗದ ಚಾಕು ಬಂದ ಮೇಲೂ ಅದು ಹೋಗಿರಲಿಲ್ಲ. ಎಲೆಯನ್ನು ಕೈಯಲ್ಲೇ ಹರಿಯಬೇಕು. ತಟ್ಟೆಯಲ್ಲಿ ದೊಡ್ಡದೆನಿಸಿದರೆ ಫೋರ್ಕಿನಿಂದ ಮಡಚಿ ಬಾಯಿಗಿಡಬೇಕು. ಅಂದು ಎಲ್ಲರೂ ನಕ್ಕಿದ್ದರು. ಸೊಲೆನ್ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಈಗ ಅವಳು ದಿನವೂ ಎಲೆಯ ದಿಂಡು ಬಿಡಿಸಿ, ಉಗುರಗಲದ ಚೂರುಗಳನ್ನು ಹರಿಯುತ್ತಾಳೆ. ಅರ್ಧ ಗಂಟೆ ಹಿಡಿಯುತ್ತದೆ. ಎಲೆ ತೊಳೆಯುವ ತಣ್ಣೀರಿಗೆ ಬೆರಳುಗಳು ಮರಗಟ್ಟುತ್ತವೆ.

"ಹೆಚ್ಚಿ ಹಾಕೇ," ಎಂದ ಗಂಡ ತಿಬೋ ಒಮ್ಮೆ. "ಅಮ್ಮಂಗೇನು ಗೊತ್ತಾಗುತ್ತೆ?"

"ಗೊತ್ತಾಗುತ್ತೆ."

ಗೊತ್ತಾಗುತ್ತಿತ್ತು. ಉಗೆತ್ ಎಡಗೈಯ ಫೋರ್ಕಿನಿಂದ ಒಂದೊಂದೇ ಚೂರಿನ ಅಂಚು ತಿರುವಿ ನೋಡಿ, "ಹ್ಞೂಂ, ಅಂತೂ ಕಲ್ತೆ" ಎಂದು ಬಾಯಿಗಿಡುತ್ತಿದ್ದಳು. ಇಡೀ ದಿನದಲ್ಲಿ ಅವಳಿಗೆ ಹಟವೆಂದು ಉಳಿದಿದ್ದುದು ಅದೊಂದೇ. ಆ ಮಾತಿಗಾಗಿ ಸೊಲೆನ್ ಬೆಳಗಿನಿಂದ ಕಾಯುತ್ತಿದ್ದಳು. ಅದು ಕೇಳಿಸಿದರೆ, ಅತ್ತೆ ಇನ್ನೂ ಇದ್ದಾಳೆ.

ಈ ಭಾನುವಾರ ಉಗೆತ್ ಗಾಲಿಕುರ್ಚಿಯಲ್ಲಿ ಕೂತು ಸೊಸೆಯ ಕೆಂಪೇರಿದ ಬೆರಳುಗಳನ್ನೇ ನೋಡುತ್ತಿದ್ದಳು.

"ಸಾಕು ಕಣೇ. ಚಾಕು ತಗೋ."

"ಇನ್ನೆರಡೇ ಎಲೆ, ಅತ್ತೆ."

"ಹೆಚ್ಚಿಬಿಡು. ಹೇಗಿದ್ರೇನು ಈಗ."

ಸೊಲೆನ್ ಇಪ್ಪತ್ತಾರು ವರ್ಷ ಒಳಗೊಳಗೇ ನಡೆಸಿದ ಜಗಳವನ್ನು ಗೆದ್ದಿದ್ದಳು. ಗೆಲುವು ಯಾರಿಗೆ ಬೇಕಾಗಿತ್ತು?

"ಆಮೇಲೆ ಮೊಲದ ಮೇವು ಅಂತೀರಿ," ಎಂದಳು, ನಗಲು ನೋಡುತ್ತ. "ಅನ್ನಿ ಅತ್ತೆ. ಒಂದ್ಸಲ ಅನ್ನಿ."

"ಬಯ್ಯೋಕೂ ಆಯಾಸ ಆಗುತ್ತೆ ಸೊಲೆನ್."

ಸೊಲೆನ್ ಚಾಕು ಮುಟ್ಟಲಿಲ್ಲ. ಉಳಿದೆರಡು ಎಲೆಗಳನ್ನೂ ಹರಿದಳು, ಇನ್ನೂ ಸಣ್ಣಗೆ. ಎಣ್ಣೆ, ವಿನೆಗರ್, ಚಿಟಿಕೆ ಉಪ್ಪು ಬೆರೆಸಿದಳು. ತಟ್ಟೆಯನ್ನು ಅತ್ತೆಯ ಮುಂದಿಟ್ಟು, ಎಡಗೈಗೆ ಫೋರ್ಕು ಕೊಟ್ಟಳು.

ಉಗೆತ್ ಫೋರ್ಕನ್ನು ಮೇಜಿನ ಮೇಲಿಟ್ಟಳು. ಒಂದು ಚೂರನ್ನೂ ತಿರುವಿ ನೋಡದೆ, ಸೊಸೆ ತಿನ್ನಿಸಲೆಂದು ಬಾಯಿ ತೆರೆದು ಕೂತಳು.